ಇನ್ನೂ ಎರಡು ಸುತ್ತು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಚಾದರಗಳಿಗೆ ಇಸ್ತ್ರಿ ಹಾಕುತ್ತಿದ್ದ ಆ ಹುಡುಗಿ ಓಟಗಾರ್ತಿಯಾದದ್ದು ದೇಶಪ್ರೇಮದಿಂದಲ್ಲ, ನಿದ್ದೆಯಿಂದ. ಅಮ್ಮ ಬಾಗಿಲು ಬಡಿದು, ಬೈದು, ಕೊನೆಗೆ ಹೊದಿಕೆ ಎಳೆದು ಎಬ್ಬಿಸುವ ಹೊತ್ತಿಗೆ ಬಸ್ಸು ತಿರುವು ದಾಟುತ್ತಿತ್ತು. ಎದ್ದೆನೋ ಬಿದ್ದೆನೋ ಎಂದು ಅದರ ಬೆನ್ನು ಹತ್ತುವುದೇ ಅವಳ ದಿನಚರಿ. ಮುಂದಿನ ನಿಲ್ದಾಣದಲ್ಲಿ ಸಿಕ್ಕರೆ ಸರಿ, ಸಿಗದಿದ್ದರೆ ಆಸ್ಪತ್ರೆಯ ತನಕ ಓಟ. ಕೆಲವು ದಿನ ಬಸ್ಸಿಗಿಂತ ಮೊದಲೇ ತಲುಪಿ ಗೇಟಿನ ಬಳಿ ಸೊಂಟಕ್ಕೆ ಕೈಕೊಟ್ಟು ಏದುಸಿರು ಬಿಡುತ್ತಿದ್ದಳು.

ಇದನ್ನು ನೋಡುತ್ತಿದ್ದವನು ಗೇಟಿನ ಕಾವಲುಗಾರ. ಪ್ರಾಯದಲ್ಲಿ ಊರೂರಿನ ಪಂದ್ಯಗಳಲ್ಲಿ ಓಡಿ, ಒಂದನ್ನೂ ಗೆಲ್ಲದೆ, ಗೆದ್ದವರೆಲ್ಲರ ತಪ್ಪನ್ನು ಮಾತ್ರ ಬಾಯಿಪಾಠ ಮಾಡಿಕೊಂಡಿದ್ದ ಆಸಾಮಿ. ಚಪ್ಪಲಿ ಬಿಟ್ಟು ಬೂಟು ಹಾಕಿಕೊಂಡು ಓಡು ಎಂದು ಉಪದೇಶ ಮಾಡಿದ. ಲೇಸು ಕಟ್ಟುವಷ್ಟು ಪುರುಸೊತ್ತಿದ್ದರೆ ಬಸ್ಸನ್ನೇ ಹಿಡಿಯುತ್ತಿದ್ದೆ ಎಂದಳು ಇವಳು. ಅಂತೂ ಸಂಜೆಯ ಅಭ್ಯಾಸ ಶುರುವಾಯಿತು. ಅವನು ಸೈಕಲ್ಲಿನ ಮೇಲಿಂದ ಬೈಯುತ್ತಿದ್ದ, ಅವಳು ಓಡುತ್ತಲೇ ತಿರುಗಿ ಬೈಯುತ್ತಿದ್ದಳು. ಅಮ್ಮನಿಗೆ ಇದೊಂದೂ ಹಿಡಿಸಲಿಲ್ಲ.

“ತಪ್ಪು ಮಾಡಿದೋರು ಕಾಲಿಗೆ ಬುದ್ಧಿ ಹೇಳ್ತಾರೆ. ನೀನೇನೇ ಮಾಡಿದ್ದೀಯ?”

ಮಾಡಿದ್ದು ಇಷ್ಟೇ: ದೇಶದ ಹತ್ತು ಸಾವಿರ ಮೀಟರ್ ಓಟವನ್ನು ಗೆದ್ದು ಒಲಿಂಪಿಕ್ಸ್‌ಗೆ ಆಯ್ಕೆಯಾದಳು. ವಿಮಾನದಲ್ಲಿ ಕಾವಲುಗಾರನಿಗೆ ಜಾಗವಿರಲಿಲ್ಲ. ಅವನ ಬದಲು ಕ್ರೀಡಾ ಸಂಘದ ಅಧ್ಯಕ್ಷರೂ ಅವರ ಭಾವಮೈದುನರೂ ಹೋದರು. ಇಬ್ಬರಿಗೂ ಮಹಡಿ ಹತ್ತಿದರೆ ಉಬ್ಬಸ.

ಮೈದಾನದಲ್ಲಿ ಮುಂದಿನವರು ಗುಂಡು ಹಾರಿದಂತೆ ಹಾರಿದರು. ಇವಳನ್ನು ಒಮ್ಮೆ ಸುತ್ತಿ ಬಂದು, ಸಾಲದೆಂಬಂತೆ ಇನ್ನೊಮ್ಮೆ ಹಿಂದಿನಿಂದ ಬಂದು ದಾಟಿದರು. ಅಷ್ಟರಲ್ಲಿ ಕೊನೆಯ ಸುತ್ತಿನ ಗಂಟೆ ಹೊಡೆಯಿತು. ಗಂಟೆ ಯಾರಿಗೆಂದು ಯೋಚಿಸುವಷ್ಟು ಬುದ್ಧಿ ತಲೆಯಲ್ಲಿ ಉಳಿದಿರಲಿಲ್ಲ. ಮೈಯಲ್ಲಿದ್ದ ಕಸುವನ್ನೆಲ್ಲ ಕಾಲಿಗಿಳಿಸಿ, ಹಲ್ಲು ಕಚ್ಚಿ, ಇಬ್ಬರನ್ನು ಹಿಂದಿಕ್ಕಿ ಗೆರೆ ದಾಟಿದಳು. ಎರಡೂ ಕೈ ಎತ್ತಿ ಜನರತ್ತ ಬೀಸಿದಳು. ಬಿಳಿ ಟೋಪಿಯ ತೀರ್ಪುಗಾರ ಅವಳ ಮೂಗಿನ ಮುಂದೆ ಎರಡು ಬೆರಳು ಹಿಡಿದ. ಎರಡನೇ ಸ್ಥಾನವೆಂದು ಅವಳ ಎದೆ ಹಿಗ್ಗಿತು. ಅವನು ಬೆರಳನ್ನು ಗಾಳಿಯಲ್ಲಿ ಸುತ್ತಿಸಿ ತೋರಿಸಿದ ಮೇಲೆ ತಿಳಿಯಿತು: ಇನ್ನೂ ಎರಡು ಸುತ್ತು ಬಾಕಿ.

ತನ್ನ ಭಾಷೆಯಲ್ಲಿ ಅವನಿಗೆ ಎರಡು ಮಾತು ಬೈದು ಮತ್ತೆ ಓಡಿದಳು. ಹಿಂದಿಕ್ಕಿದ ಇಬ್ಬರೂ ಆರಾಮಾಗಿ ದಾಟಿ ಹೋದರು. ಕೊನೆಯವಳಾಗಿ ಮುಗಿಸಿದಾಗ ಕ್ರೀಡಾಂಗಣವೇ ಎದ್ದು ಚಪ್ಪಾಳೆ ತಟ್ಟಿತು. ಇಡೀ ಲೋಕ ಒಟ್ಟಿಗೆ ಕನಿಕರಪಟ್ಟರೆ ಎಷ್ಟು ಸದ್ದಾಗುತ್ತದೆಂದು ಅವಳಿಗೆ ಗೊತ್ತಾಯಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಊರಿಗೆ ಬಂದವಳು ಗೇಟಿನ ಬಳಿ ತಲೆ ತಗ್ಗಿಸಿ ನಿಂತಳು. ಕಾವಲುಗಾರ ರೋಗಿಗಳ ಜೊತೆ ಕೂತು ಟಿವಿಯಲ್ಲಿ ಎಲ್ಲ ನೋಡಿದ್ದ.

“ಕೊನೇ ಸುತ್ತು ಅಂದ್ಕೊಂಡು ಓಡಿದ್ಯಲ್ಲ, ಅಷ್ಟು ಜೋರಾಗಿ ನೀನು ಯಾವತ್ತೂ ಓಡಿಲ್ಲ,” ಎಂದ. “ಅಂದ್ರೆ ಇಷ್ಟು ವರ್ಷ ನಂಗೆ ಮೋಸ ಮಾಡಿದ್ದೀಯ.”

ಅಳಬೇಕೆಂದಿದ್ದವಳಿಗೆ ನಗು ತಡೆಯಲಾಗಲಿಲ್ಲ. ಅಂದಿನಿಂದ ಅವನು ಅಭ್ಯಾಸದಲ್ಲಿ ಸುಳ್ಳು ಹೇಳತೊಡಗಿದ. ಇದೇ ಕೊನೆಯ ಸುತ್ತು ಎನ್ನುವುದು, ಅವಳು ಜೀವ ಬಿಟ್ಟು ಓಡಿ ಬಂದರೆ ಇನ್ನೊಂದು ಎನ್ನುವುದು. ಸುಳ್ಳೆಂದು ಗೊತ್ತಿದ್ದೂ ಅವಳು ಓಡುತ್ತಿದ್ದಳು.

ಮುಂದಿನ ಒಲಿಂಪಿಕ್ಸ್‌ನಲ್ಲಿ ಅವಳು ಗುಂಪಿನ ನಡುವೆಯೇ ಮುಗಿಸಿದಳು. ಯಾರೂ ಏಳಲಿಲ್ಲ, ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೋಣೆಗೆ ಹೋಗಿ ಕಾಲುಚೀಲ ಒಗೆದು ಹಾಕುತ್ತಾ ಹಾಡಿಕೊಂಡಳು.

ಆಮೇಲೆ ಮಂಡಿ ಕೈಕೊಟ್ಟಿತು. ಈಗ ಅವಳು ಇಸ್ತ್ರಿ ವಿಭಾಗದ ಮೇಲ್ವಿಚಾರಕಿ. ಒಲಿಂಪಿಕ್ಸ್‌ನಲ್ಲಿ ಏನು ಸಿಕ್ಕಿತು ಅಕ್ಕ ಎಂದು ಹೊಸಬರು ಕೇಳಿದರೆ, ಮಂಡಿನೋವು ಎಂದು ಹೇಳಿ, ಮಡಿಕೆ ಸರಿಯಾಗದ ಚಾದರವನ್ನು ಅವರ ಕೈಗೇ ವಾಪಸು ಕೊಡುತ್ತಾಳೆ.