ದೊಡ್ಡಮ್ಮ ಬಂಡೆಗೆ ಹಾಕಿದ ನೈದಿಲೆ ಗೆಡ್ಡೆ

ಸ್ವಲ್ಪ ತಾಳಿ, ಓದದೆ ಮುಂದಕ್ಕೆ ಓಡಬೇಡಿ. ಈ ನೈದಿಲೆ ಹೂವಿಗಾಗಿ ನಾನೂ ತುಂಬಾ ಕಾದವಳೇ.

ಶ್ರೀನಿವಾಸಪುರದ ಹತ್ತಿರ ನಮ್ಮೂರ ಕೆರೆಯಲ್ಲಿ ಎರಡು ಜಾತಿ ಕಾಡು ನೈದಿಲೆ ಇದ್ದವು. ನೀಲಿಯದು ಬೆಳಿಗ್ಗೆ ಅರಳಿ ಸಂಜೆಗೆ ಮುಚ್ಚಿಕೊಳ್ಳುತ್ತಿತ್ತು. ಬಿಳಿಯದು ಕತ್ತಲಾದ ಮೇಲೆ ಅರಳುತ್ತಿತ್ತು. ಅದರ ಎಲೆಯ ಅಡಿಯಲ್ಲಿ ಮೆತ್ತನೆಯ ರೋಮ. ಇದನ್ನೆಲ್ಲ ಕೆಸರಿಗಿಳಿದು, ಮೊಬೈಲಿನಲ್ಲಿ ಹುಡುಕಿ ನಾನೇ ಕಲಿತದ್ದು. ಹೂ ಬಾಡಿದ ಮೇಲೆ ತೊಟ್ಟು ಬಾಗಿ ಕಾಯಿಯನ್ನು ನೀರೊಳಗೆ ಎಳೆದುಕೊಳ್ಳುತ್ತದೆ, ಬೀಜ ಅಲ್ಲೇ ಬಲಿಯುತ್ತದೆ. ಅದನ್ನು ಎಷ್ಟು ಸಲ ನೋಡಿದರೂ ನನಗೆ ಸಾಲದು.

ಹೋದ ಬೇಸಿಗೆ ಕೆರೆ ಬತ್ತಿತು, ಜೆಸಿಬಿ ಬಂತು. ಕೆರೆಯ ಗೋಡು, ಅಂದರೆ ತಳದ ಹೂಳು ಮಣ್ಣು, ಟ್ರ್ಯಾಕ್ಟರಿನಲ್ಲಿ ಹಿಪ್ಪುನೇರಳೆ ತೋಟಗಳಿಗೆ ಹೊರಟಿತು. ನೈದಿಲೆಯ ಗೆಡ್ಡೆ ಮಲಗಿರುವುದು ಆ ಗೋಡಿನಲ್ಲೇ. ಅದು ಹೋದರೆ ಕೆರೆಗೆ ಹೂವೇ ಇಲ್ಲ. ದೊಡ್ಡಮ್ಮನ ತೋಟದಲ್ಲಿ ಸುರಿದ ರಾಶಿಯನ್ನು ಕೆದಕಿ, ಗೋಲಿ ಗಾತ್ರದ ಕಪ್ಪು ಗೆಡ್ಡೆಗಳನ್ನು ಬುಟ್ಟಿಗೆ ಆರಿಸಿಟ್ಟು ಊಟಕ್ಕೆ ಹೋದೆ. ಬಂದು ನೋಡಿದರೆ ಬುಟ್ಟಿ ಖಾಲಿ. ಗೆಡ್ಡೆಗಳೆಲ್ಲ ಕಾದ ಬಂಡೆಯ ಮೇಲೆ.

“ದೊಡ್ಡಮ್ಮಾ, ಯಾಕೆ ಇಲ್ಲಿ ಹಾಕ್ದೆ?”

“ಕೊನ್ನಾರಿ ಗೆಡ್ಡೆ ಕಣೇ. ಬಿಸಿಲಿಗೆ ಸಾಯ್ಲಿ ಅಂತ. ಒಂದು ಉಳಿದ್ರೂ ತೋಟನೇ ತಿಂದಾಕ್ತದೆ.”

ಕೊನ್ನಾರಿ ಕಳೆಯ ಗೆಡ್ಡೆ ಸಿಕ್ಕರೆ ನಮ್ಮಲ್ಲಿ ಎಲ್ಲರೂ ಬಂಡೆಗೇ ಹಾಕುವುದು.

“ಅದು ಕೆರೆ ಕಲುವ ಹೂವಿನ ಗೆಡ್ಡೆ, ದೊಡ್ಡಮ್ಮಾ.” ನೈದಿಲೆಗೆ ನಮ್ಮ ಮನೆಯಲ್ಲಿ ಕಲುವ ಹೂ ಅನ್ನುತ್ತಾರೆ.

“ಮೊದ್ಲೇ ಹೇಳ್ಬಾರ್ದೇನೇ? ಯಾವತ್ತೂ ಕಳೆ ಕೀಳೋಕೆ ಬಾರ್ದೋಳು ಇವತ್ತು ಬಂದವ್ಳೆ ಅಂತ ನಾನು ಊರಿಗೆಲ್ಲಾ ಹೇಳ್ಕೊಂಡು ಬಂದೆ.”

ಬಯ್ಯುತ್ತಲೇ ಗೆಡ್ಡೆಗಳನ್ನು ಸೆರಗಿಗೆ ತುಂಬಿಕೊಂಡಳು. ದನಗಳಿಗೆ ನೀರಿಡುವ ಹಳೆಯ ಕಲ್ಲಿನ ತೊಟ್ಟಿಯನ್ನೂ ಬಿಟ್ಟುಕೊಟ್ಟಳು. ತಳಕ್ಕೆ ಗೋಡು ಹಾಕಿ ನೆಟ್ಟೆವು. ಕೆಲವು ಕೊಳೆತವು. ಮಿಕ್ಕವು ಸುಮ್ಮನಿದ್ದವು. ಬೆಳಿಗ್ಗೆ ನಾನು ಏಳುವ ಮೊದಲೇ ಅವಳು ತೊಟ್ಟಿ ಇಣುಕಿ ನೋಡಿರುತ್ತಿದ್ದಳು.

“ಲೇ, ಎಲೆ ಬಂದದೆ ಬಾ,” ಅಂತ ಒಂದು ದಿನ ಕೂಗಿದಳು. ನೀರೊಳಗೆ ಉಗುರಿನಷ್ಟು ಕೆಂಚು ಎಲೆ. ಮಳೆಗಾಲ ಮುಗಿಯುವ ಹೊತ್ತಿಗೆ ನೀಲಿ ಹೂ ಅರಳಿತು. ಮೊದಲ ದಿನ ಹೂವಿನ ನಡುವೆ ಒಂದಿಷ್ಟು ನೀರು ನಿಂತಿರುತ್ತದೆ. ದೊಡ್ಡಮ್ಮ ಬೆರಳದ್ದಿ ನೋಡಿ ನಕ್ಕಳು.

ಈಗ ಕೆರೆಗೆ ನೀರು ಬಂದಿದೆ. ಕಾಯಿ ಬಿರಿದ ದಿನ ತೇಲಿದ ಬೀಜಗಳನ್ನು ಚೊಂಬಿನಲ್ಲಿ ಒಯ್ದು ತೂಬಿನ ಪಕ್ಕ ಬಿಟ್ಟು ಬಂದೆವು. ಬಿಳಿಯದು ಮಾತ್ರ ಒಂದೂ ಚಿಗುರಲಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು ಕಡೆಯ ಯಾವ ಕೆರೆ ಕುಂಟೆಯಲ್ಲಾದರೂ ಅದನ್ನು ಕಂಡಿದ್ದರೆ, ಎಲ್ಲಿ, ಹೇಗಿತ್ತು, ನಿಮ್ಮ ಮನೆಯಲ್ಲಿ ಅದನ್ನು ಏನೆನ್ನುತ್ತಾರೆ ಎಂದು ಬರೆದು ತಿಳಿಸಿ. ದೊಡ್ಡಮ್ಮನಿಗೂ ಓದಿ ಹೇಳುತ್ತೇನೆ.