ತಂಬುಳಿ ಕೇಳಿದ ನಾಲ್ಕು ದಿನ

ನನ್ನ ಗಂಡನ ಶ್ವಾಸಕೋಶದ ಕ್ಯಾನ್ಸರಿಗೆ ಮೂರು ವಾರಕ್ಕೊಮ್ಮೆ ಮಂಗಳೂರಿನಲ್ಲಿ ಇಮ್ಯುನೊಥೆರಪಿ ಕೊಡುತ್ತಿದ್ದರು. ಕೂದಲು ಉದುರಲಿಲ್ಲ, ವಾಂತಿಯೂ ಇಲ್ಲ. ನಮ್ಮೂರ ಕುಂಬ್ರ ಪೇಟೆಯ ಅಂಗಡಿಯಲ್ಲಿ ಒಬ್ಬರು ನನ್ನನ್ನು ತಡೆದು, "ಕೂದಲೆಲ್ಲ ಹಾಗೇ ಉಂಟಲ್ಲ, ಮದ್ದು ತಾಗ್ಲಿಲ್ಲ ಕಾಣ್ತದೆ" ಎಂದಿದ್ದರು. ತಾಗಿತ್ತು. ಎರಡನೇ ಸ್ಕ್ಯಾನಿನಲ್ಲಿ ಗಡ್ಡೆ ಅರ್ಧಕ್ಕೆ ಇಳಿದಿತ್ತು.

ಈ ಮದ್ದು ತಾನಾಗಿ ಕ್ಯಾನ್ಸರನ್ನು ಕೊಲ್ಲುವುದಿಲ್ಲ, ದೇಹದ ರೋಗನಿರೋಧಕ ಶಕ್ತಿಯನ್ನೇ ಅದರ ಮೇಲೆ ಬಿಡುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಕಟ್ಟಿದ ನಾಯಿಯನ್ನು ಬಿಟ್ಟ ಹಾಗೆ. ಕೆಲವೊಮ್ಮೆ ಅದು ಮನೆಯವರನ್ನೇ ಕಚ್ಚುತ್ತದೆ. ಭೇದಿಯಾದರೆ ಅದೇ ದಿನ ಫೋನ್ ಮಾಡಿ, ಮನೆಮದ್ದು ಮಾಡುತ್ತಾ ಕೂರಬೇಡಿ ಎಂದು ಬರೆದ ಚೀಟಿಯನ್ನೂ ಕೊಟ್ಟಿದ್ದರು. ಅದನ್ನು ನಾನೇ ಫ್ರಿಜ್ಜಿಗೆ ಅಂಟಿಸಿದ್ದೆ.

ಆದರೆ ಇವರದು ಎಲ್ಲದಕ್ಕೂ ಒಂದೇ ಉತ್ತರ, "ಎಂತ ಇಲ್ಲ". ಕತ್ತಿ ತಾಗಿ ಬೆರಳಿನಿಂದ ರಕ್ತ ಸುರಿದರೂ ಎಂತ ಇಲ್ಲ. ಆಸ್ಪತ್ರೆಯ ನರ್ಸ್ ಫೋನ್ ಮಾಡಿ ಹೊಟ್ಟೆ ಹೇಗಿದೆ ಎಂದು ಕೇಳಿದರೆ, ಅವಳಿಗೇ ಸಮಾಧಾನ ಹೇಳುವವರಂತೆ, "ಎಂತ ಇಲ್ಲ ಮೇಡಂ, ಆರಾಮ."

ಆರನೇ ಡೋಸಾದ ಮರುವಾರ ಬೆಳಿಗ್ಗೆ ತೋಟದ ಪಂಪಿನ ಬಳಿ ಕುಸಿದು ಕುಳಿತರು. ಮಂಗಳೂರಿಗೆ ಹೋಗುವ ಕಾರಿನಲ್ಲಿ ಅಂತೂ ಬಾಯಿಬಿಟ್ಟರು. ನಾಲ್ಕು ದಿನದಿಂದ ಭೇದಿ, ದಿನಕ್ಕೆ ಎಂಟು ಸಲ.

"ಹೇಳಿದ್ರೆ ಮದ್ದು ನಿಲ್ಲಿಸ್ತಾರೆ ಮಾರಾಯ್ತಿ. ಗಡ್ಡೆ ಇಳೀತಾ ಉಂಟಲ್ಲ."

"ಈಗ ನಿಲ್ಲಿಸುದಿಲ್ವಾ?" ಎಂದೆ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕರುಳಿಗೆ ಜೋರು ಉರಿಯೂತವಾಗಿತ್ತು. ಸ್ಟೀರಾಯ್ಡ್ ಶುರು ಮಾಡಿದರು. ಮೊದಲ ದಿನವೇ ತಿಳಿಸಿದ್ದರೆ ಒಂದು ಡೋಸು ಮುಂದೂಡಿ ಮತ್ತೆ ಕೊಡಬಹುದಿತ್ತು, ಇನ್ನು ಈ ಮದ್ದು ಕೊಡಲು ಧೈರ್ಯ ಸಾಲದು ಎಂದರು ಡಾಕ್ಟರು. ಇವರು ಗೋಡೆಯ ಕಡೆ ತಿರುಗಿ ಮಲಗಿದರು. ನಾನು ವಾರ್ಡಿನಲ್ಲಿ ಎಲ್ಲರೆದುರೇ ಬೈದೆ, ಉಸಿರು ಕಟ್ಟುವವರೆಗೆ ಬೈದೆ.

ಡಾಕ್ಟರು ನನ್ನನ್ನು ನೋಡಿ, "ಮನೆಯಲ್ಲಿ ನಿಮಗೆ ಗೊತ್ತಾಗಲಿಲ್ಲವೇ?" ಎಂದರು.

ಆ ನಾಲ್ಕು ದಿನವೂ ಮಧ್ಯಾಹ್ನ ಊಟಕ್ಕೆ ಇವರು ಕೊಡಗಸನ ಹೂವಿನ ತಂಬುಳಿ ಕೇಳಿದ್ದರು. ಹೊಟ್ಟೆ ಕೆಟ್ಟಾಗಲ್ಲದೆ ನಮ್ಮ ಮನೆಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಆ ಚೀಟಿ ಅಂಟಿಸಿದ ಫ್ರಿಜ್ಜಿನಿಂದಲೇ ಮಜ್ಜಿಗೆ ತೆಗೆದು, ಹೂವು ಹುರಿದು ಅರೆದು, ನಾಲ್ಕು ದಿನವೂ ನಾನೇ ಬಡಿಸಿದ್ದೆ. ಯಾಕೆ ಎಂದು ಒಮ್ಮೆಯೂ ಕೇಳಲಿಲ್ಲ. ಮದ್ದು ನಿಲ್ಲಿಸುತ್ತಾರೆಂಬ ಹೆದರಿಕೆ ನನಗೂ ಇತ್ತು.