ಸರ್ ಅವರ್ದು ಎಕ್ಸ್‌ಪೈರ್ ಆಗೇತಿ!

ಕಳೆದ ವಾರ ನಾನು ಬದುಕಿರುವ ಮನುಷ್ಯನ ಕೊರಳಿಗೆ ಹೆಣದ ಹಾರ ಹಾಕಿ ಬಂದೆ. ಅದೂ ಗೊಳೋ ಎಂದು ಅಳುತ್ತ. ಅದೂ ಬೆಳವಣಕಿಯ ತನಕ ಬಸ್ಸಿನಲ್ಲಿ ಹೋಗಿ!

ನಗಬೇಡಿ. ನಗುವುದಾದರೆ ಪೂರಾ ಓದಿ ನಗಿ.

ನನ್ನ ಮೊಮ್ಮಗಳು ಶಿಲ್ಪಾ ನಿಮಗೆ ಗೊತ್ತೇ ಇದ್ದಾಳೆ. (ಮತ್ತೆ ಮೊಮ್ಮಗಳ ಪುರಾಣ ಬಂತು ಎಂದು ಪುಟ ತಿರುವಬೇಡಿ. ಇಂಥ ಮೊಮ್ಮಗಳು ನಿಮಗಿದ್ದಿದ್ದರೆ ನೀವೂ ಇದನ್ನೇ ಬರೆಯುತ್ತಿದ್ದಿರಿ.) ನಮ್ಮ ರೋಣದ ಒಂದು ಡಿಪ್ಲೊಮಾ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ನನ್ನ ಮೊಮ್ಮಗಳ ಕೈಯಲ್ಲಿ ಲ್ಯಾಬಿನ ಕೀಲಿಕೈ! ಬೆಳಿಗ್ಗೆ ಅವಳು ಅದನ್ನು ಬೆರಳಿಗೆ ಸಿಕ್ಕಿಸಿಕೊಂಡು ಹೊರಟರೆ ಓಣಿಯ ತುದಿಯವರೆಗೂ ನೋಡುತ್ತ ನಿಲ್ಲುತ್ತೇನೆ. ಚಹಾ ಆರಿದರೂ ಪರವಾಗಿಲ್ಲ.

ಲ್ಯಾಬಿಗೆ ಹಿರಿಯರು ಪಾಟೀಲ ಸರ್. ಅವರು ಎದೆ ಉರಿ ಎಂದು ರಜೆ ಹಾಕಿ ಬೆಳವಣಕಿಯ ತಮ್ಮ ಮನೆಗೆ ಹೋದರು. ಹೋಗುವಾಗ, "ಪ್ರ್ಯಾಕ್ಟಿಕಲ್ ಪರೀಕ್ಷಾ ಈ ಸಲ ನೀನ ನಡಸ್ಬೇಕು ನೋಡವಾ" ಎಂದರಂತೆ. ಮೊದಲ ಸಲ, ಒಬ್ಬಳೇ! ಕಂಪ್ಯೂಟರಿನಲ್ಲಿ ಕಟ್ಟಡದ ನಕ್ಷೆ ಬರೆಯುವ ಪರೀಕ್ಷೆ. ಎಲ್ಲ ಸುಸೂತ್ರ ನಡೆದರೆ ಅವಳ ಹೆಸರು, ಕೆಟ್ಟರೂ ಅವಳದೇ ಹೆಸರು.

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಪಕ್ಕದ ಮನೆಯ ಮೆಹಬೂಬಿ ಸೆರಗು ಹಿಡಿದುಕೊಂಡು ಓಡಿ ಬಂದಳು. ಬಳೆ ವ್ಯಾಪಾರದ ಮೆಹಬೂಬಿ. ನಮ್ಮ ಓಣಿಗೆಲ್ಲ ಅವಳ ಮನೆಯದೇ ಫೋನು.

"ಅಕ್ಕಾ, ಶಿಲ್ಪಾ ಫೋನ್ ಮಾಡಿದ್ಳು. ಊಟಕ್ಕ ಬರೂದಿಲ್ಲಂತ. ಸರ್ ಅವರ್ದು ಎಕ್ಸ್‌ಪೈರ್ ಆಗೇತಂತ!"

"ಯಾವ ಸರ್?"

"ಅಕಿ ಬಾಯಾಗ ಯಾವಾಗ್ಲೂ ಇರೂದು ಒಬ್ಬರ ಸರ್ ಅಲ್ಲೇನು? ಹುಡಿಗಿ ಅಳಾಕತ್ತಿದ್ಳು ಅಕ್ಕಾ. ನಾಳೆ ಪರೀಕ್ಷಾ ಹ್ಯಾಂಗ ಮಾಡ್ಲಿ ಅಂದು ಫೋನ್ ಇಟ್ಟಬಿಟ್ಳು."

ನಮ್ಮ ಕಡೆ ಈಗ ಯಾರೂ ಸಾಯುವುದಿಲ್ಲ, ಗಮನಿಸಿದ್ದೀರಾ? ಮೊದಲು ತೀರಿಕೊಳ್ಳುತ್ತಿದ್ದರು. ಈಗ ಎಲ್ಲರೂ ಎಕ್ಸ್‌ಪೈರ್ ಆಗುತ್ತಾರೆ. ಔಷಧದ ಬಾಟಲಿಯೂ ಅದೇ, ಮನುಷ್ಯನೂ ಅದೇ. ಮೇಲಾಗಿ ಸರ್‌ಗೆ ಎದೆ ಉರಿ ಬೇರೆ ಇತ್ತು. ಇನ್ನೇನು ಅನುಮಾನ?

ಶಿಲ್ಪಾ ಕಾಲೇಜಿನವರ ಜೊತೆ ಮುಂದೆ ಹೋಗಿರುತ್ತಾಳೆ ಎಂದುಕೊಂಡೆವು. ಬಸ್‌ಸ್ಟ್ಯಾಂಡಿನ ಬಳಿ ದೊಡ್ಡ ಹಾರ ಕೊಂಡು ಬೆಳವಣಕಿಯ ಬಸ್ಸು ಹತ್ತಿದೆವು.

"ಎಷ್ಟ ಚಲೋ ಮನಷ್ಯಾರು ಅಕ್ಕಾ. ಬಳಿ ತಗೋಳಾಗ ಚೌಕಾಸಿ ಮಾಡ್ತಿದ್ದಿಲ್ಲ" ಎಂದು ಮೆಹಬೂಬಿ ಮೂಗು ಒರೆಸಿಕೊಂಡಳು.

"ಅವರ್ಯಾಕ ಬಳಿ ಇಟ್ಕೋತಾರ?"

"ಹೆಂಡ್ತಿಗೆ ಅಕ್ಕಾ! ಇಂಥಾ ಹೊತ್ತಿನ್ಯಾಗೂ ಚಾಷ್ಟಿ ಮಾಡ್ತಿಯಲ್ಲ."

ಸರ್ ಮನೆಯ ಮುಂದೆ ಜನವೇ ಇರಲಿಲ್ಲ. 'ಇಷ್ಟು ದೊಡ್ಡ ಮನುಷ್ಯನಿಗೆ ಇಷ್ಟೇನಾ?' ಎಂದುಕೊಂಡೆ. ಒಳಗೆ ಕಾಲಿಟ್ಟರೆ ಅಂಗಳದಲ್ಲಿ ಸರ್ ಗೋಡೆಗೆ ಒರಗಿ ನೆಟ್ಟಗೆ ಕುಳಿತಿದ್ದಾರೆ. ಕೊರಳಿನ ತನಕ ಬಿಳಿ ಬಟ್ಟೆ ಸುತ್ತಿದೆ. ಕಣ್ಣು ಮುಚ್ಚಿವೆ. ನಮ್ಮವರಲ್ಲಿ ತೀರಿದವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ನನಗೆ ಇನ್ನೇನು ಬೇಕಿತ್ತು? "ನನ್ನ ಕೂಸಿಗೆ ದಾರಿ ತೋರಿಸಿದ ದೇವರ, ಹಿಂಗ ನಡುವ ಬಿಟ್ಟು ಹೋದ್ರೇನ್ರಿ!" ಎಂದು ಹಾಡಿಕೊಂಡು ಅಳುತ್ತ ಹೋಗಿ ಹಾರ ಹಾಕಿಯೇಬಿಟ್ಟೆ.

ಹೆಣ ಕಣ್ಣು ಬಿಟ್ಟಿತು.

"ಯಾಕ್ರೀ ಯಮ್ಮಾ, ನನಗ್ಯಾವ ಪ್ರಶಸ್ತಿ ಬಂತು?"

ಮೆಹಬೂಬಿ "ಯಾ ಅಲ್ಲಾ!" ಎಂದು ನಿಂತಲ್ಲೇ ಕುಳಿತಳು. ಅಷ್ಟರಲ್ಲಿ ಒಳಗಿನಿಂದ ಕಟಿಂಗ್ ಮಾಡುವವನು ಬಿಸಿನೀರಿನ ತಂಬಿಗೆ ಹಿಡಿದು ಬಂದ. ಆಗ ನೋಡಿದೆ. ಸರ್ ತಲೆಯ ಬಲಗಡೆ ಕೂದಲು ಸಣ್ಣಗೆ ಕತ್ತರಿಸಿದೆ, ಎಡಗಡೆ ಹಾಗೇ ಇದೆ. ಪುಣ್ಯಾತ್ಮರು ಕಟಿಂಗಿಗೆ ಕುಳಿತಲ್ಲೇ ನಿದ್ದೆ ಹೋಗಿದ್ದರು!

ಅವರ ಹೆಂಡತಿ ಅಡುಗೆಮನೆಯಿಂದ ಬಂದವರು ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಆರಾಮಿಲ್ಲಂತ ಮಲಗಿದ್ರ ಒಬ್ಬರೂ ಬಂದಿಲ್ರಿ ಅಜ್ಜಿ. ಹೋದ್ರು ಅಂದ ಮ್ಯಾಲರ ನೀವು ಬಂದ್ರಿ." ನಗುತ್ತಲೇ ಅಂದರು. ನನಗೆ ಮಾತ್ರ ಚುಚ್ಚಿತು. ಹೌದಲ್ಲ? ಬರಿಗೈಯಲ್ಲಿ ಮಾತಾಡಿಸಲು ಬಾರದ ನಾವು ಹಾರ ಹಿಡಿದು ಎಷ್ಟು ಲಗೂ ಬಸ್ಸು ಹತ್ತುತ್ತೇವೆ!

ಸರ್ ನಗಲಿಲ್ಲ. "ಅಕಿ ಏನಂದ್ಳು? ಅಂದಂಗ ಅನ್ರಿ" ಎಂದರು.

ಮೆಹಬೂಬಿ ಹೆದರಿಕೊಂಡು, ಒಂದೊಂದೇ ಅಕ್ಷರ ಹೇಳಿದಳು. "ಸರ್... ವರ್ದು... ಎಕ್ಸ್‌ಪೈರ್..."

ಸರ್ ಹಣೆ ಹಣೆ ಬಡಿದುಕೊಂಡರು. "ಸರ್ ಅಲ್ರೀ, ಸರ್ವರ್! ಸರ್ವರ್ದು ಲೈಸೆನ್ಸ್ ಎಕ್ಸ್‌ಪೈರ್ ಆಗೇತಿ! ಹೊಸಾದರ ಸಿ.ಡಿ. ನನ್ನ ಚೀಲದಾಗ ಉಳದೈತಲ್ರೀ! ಅಕಿ ಎಷ್ಟ ಸಲ ಫೋನ್ ಮಾಡ್ಯಾಳೋ ಏನೋ, ನಮ್ಮ ಫೋನ್ ಲೈನ್ ಸತ್ತ ಬಿದ್ದೈತಿ."

(ನೋಡಿ, ಸತ್ತದ್ದು ಅದೊಂದು.)

ಅವರು ಚೀಲ ಎತ್ತಿಕೊಂಡು ಎದ್ದೇಬಿಟ್ಟರು. ಕಟಿಂಗಿನವನು, "ಸರ್, ಅರ್ಧಾ ತಲಿ!" ಎಂದು ಕೂಗಿದ. "ಉಳದದ್ದು ಬಂದ ಮ್ಯಾಲ!" ಎಂದು ತಲೆಗೆ ಟವೆಲ್ ಸುತ್ತಿಕೊಂಡರು.

ಬಸ್ಸಿನಲ್ಲಿ ನನಗೆ ತಿಳಿಯುವ ಹಾಗೆ ಹೇಳಿದರು. ನಕ್ಷೆ ಬರೆಯುವ ಸಾಫ್ಟ್‌ವೇರ್ ತೆರೆಯಬೇಕಾದರೆ ಲೈಸೆನ್ಸ್ ಬೇಕು. ಅದು ಒಂದೊಂದು ಕಂಪ್ಯೂಟರಿನಲ್ಲಿ ಇರುವುದಿಲ್ಲ. ಎಲ್ಲವೂ ಸರ್ವರ್ ಎಂಬ ಒಂದು ಮಷೀನಿನ ವಶದಲ್ಲಿರುತ್ತವೆ. ಕೇಳಿದವರಿಗೆ ಅದು ಒಂದೊಂದು ಕೊಡುತ್ತದೆ. ಕೆಲಸ ಮುಗಿಸಿದವರಿಂದ ವಾಪಸ್ ಪಡೆದು ಇನ್ನೊಬ್ಬರಿಗೆ ಕೊಡುತ್ತದೆ. ಅವಧಿ ಮುಗಿದದ್ದನ್ನು ಯಾರಿಗೂ ಕೊಡುವುದಿಲ್ಲ.

ನಾನು ಸೀಟಿನಿಂದ ಜಿಗಿದೆ. "ಬಾಡಿಗಿ ಸೈಕಲ್ ಅಂಗಡಿ!"

ಮೊದಲು ಗಜೇಂದ್ರಗಡದಲ್ಲಿದ್ದಾಗ ನಮ್ಮದು ಅದೇ ಅಂಗಡಿಯಲ್ಲವೇ? ನಮ್ಮ ಯಜಮಾನರು ಪಂಕ್ಚರ್ ಹಚ್ಚುತ್ತಿದ್ದರು, ನಾನು ಸೈಕಲ್ ಕೊಡುತ್ತಿದ್ದೆ. ಒಬ್ಬ ಇಳಿದರೆ ಇನ್ನೊಬ್ಬ ಹತ್ತಬೇಕು. ಬ್ರೇಕ್ ಹೋದದ್ದನ್ನು ಎಷ್ಟೇ ಗೋಗರೆದರೂ ಕೊಡುತ್ತಿರಲಿಲ್ಲ.

"ಅಂದ್ರ ಸರ್, ಆವಾಗ ಸರ್ವರ್ ಅಂದ್ರ ನಾನ ಬಿಡ್ರಿ!"

"ಹೌದ್ರಿ ಯಮ್ಮಾ, ನೀವ" ಎಂದು ಸರ್ ಮೊದಲ ಸಲ ನಕ್ಕರು.

ಲ್ಯಾಬಿನಲ್ಲಿ ಶಿಲ್ಪಾ ಅತ್ತು ಅತ್ತು ಕಣ್ಣು ಕೆಂಪಗೆ ಮಾಡಿಕೊಂಡಿದ್ದಳು. ಸರ್ ಬಂದದ್ದು ನೋಡಿ ಎದ್ದಳು, ತಲೆಯ ಟವೆಲ್ ನೋಡಿದಳು, ಆಮೇಲೆ ಕೊರಳು ನೋಡಿದಳು. ಅವಸರದಲ್ಲಿ ಹಾರ ತೆಗೆಯುವುದನ್ನು ನಾವು ಮೂವರೂ ಮರೆತಿದ್ದೆವು.

"ಸರ್, ಏನ್ರೀ ಇದು?"

"ನಿಮ್ಮ ಆಯಿ ನನ್ನ ಸನ್ಮಾನಾ ಮಾಡ್ಯಾರವಾ." ಸಿ.ಡಿ. ಅವಳ ಕೈಗಿಟ್ಟರು. ಅವಳು ಕುರ್ಚಿ ಬಿಟ್ಟುಕೊಡಲು ಹೋದಾಗ ಕೈಯಿಂದ ತಡೆದರು. "ಕುಂದ್ರು. ತಪ್ಪು ನಂದು, ಕೆಲಸ ನಿಂದು. ನೀನ ಮಾಡು."

ಅವಳು ಕುಳಿತಳು. ನಾನು ಹೆಗಲ ಮೇಲಿಂದ ಇಣುಕಿದೆ. ಪರದೆಯ ತುಂಬ ಇಂಗ್ಲಿಷ್ ಸಾಲುಗಳು. ಅವಧಿ ತೀರಿದ ಲೈಸೆನ್ಸುಗಳೂ ಇನ್ನೂ ಅವಧಿ ಇದ್ದವೂ ಒಂದೇ ಕಡೆ ಇವೆ ಎಂದಳು ಶಿಲ್ಪಾ.

"ಎಲ್ಲಾ ಅಳಿಸಿ ಒಗದು ಹೊಸಾವು ಹಾಕಿದ್ರ ಆತಲ್ಲ?" ಎಂದೆ.

"ಆಯಿ, ಒಂದ ಸೈಕಲ್ ಚೈನ್ ಹರದ್ರ ಎಲ್ಲಾ ಸೈಕಲ್ ಗುಜರಿಗೆ ಹಾಕ್ತಿದ್ದೀ ಏನು?"

ಬಸ್ಸಿನಲ್ಲಿ ನಾನಾಡಿದ್ದು ಅವಳಿಗೆ ಗೊತ್ತಿರಲಿಲ್ಲ. ಅವಳಾಗಿಯೇ ಸೈಕಲ್ ಅಂದಳು! ಯಾರ ಮೊಮ್ಮಗಳು, ಹೇಳಿ?

ಅವಧಿ ಇದ್ದವನ್ನು ಅವಳು ಮುಟ್ಟಲಿಲ್ಲ. ತೀರಿದವನ್ನು ಒಂದೊಂದಾಗಿ ಎತ್ತಿ ಬೇರೆ ಕಡೆ ಇಟ್ಟಳು, ಬಿಸಾಡಲಿಲ್ಲ. ಖಾಲಿಯಾದ ಜಾಗದಲ್ಲಿ ಹೊಸವನ್ನು ಕೂರಿಸಿದಳು. ಅವಳ ಅಜ್ಜ ಟ್ಯೂಬಿಗೆ ತೇಪೆ ಕೂರಿಸುವಾಗ ಹೀಗೇ ತುಟಿ ಕಚ್ಚುತ್ತಿದ್ದರು.

"ಇನ್ನ ಸರ್ವರ್ ಬಂದ್ ಮಾಡಿ ಚಾಲೂ ಮಾಡ್ಬೇಕು. ಒಂದೊಂದ ಕಂಪ್ಯೂಟರ್ ತಗದ ನೋಡ್ಬೇಕು. ತಡಾ ಆಕ್ಕೇತಿ ಆಯಿ, ನೀ ಮನಿಗೆ ಹೋಗು. ಆದ್ರ ಫೋನ್ ಮಾಡ್ತೇನಿ."

ಆದರೆ! ಆ 'ಆದರೆ'ಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಸಂಜೆಯೆಲ್ಲ ಮೆಹಬೂಬಿಯ ಮನೆಯಲ್ಲಿ ಫೋನಿನ ಎದುರು ಕುಳಿತೆ. ಅವಳು ಕೊಟ್ಟ ಚಹಾ ಯಾವಾಗ ಕುಡಿದೆನೋ ತಿಳಿಯದು.

ದೀಪ ಹಚ್ಚುವ ಹೊತ್ತಿಗೆ ಫೋನು ರಿಂಗಾಯಿತು. ನಾನು ಕೈ ಚಾಚುವಷ್ಟರಲ್ಲಿ ಮೆಹಬೂಬಿಯೇ ಎತ್ತಿದಳು. "ಹ್ಞಾಂ... ಹ್ಞಾಂ... ಖರೇನ?" ಎಂದು ಇಟ್ಟಳು. ಮುಖವೆಲ್ಲ ಹಲ್ಲು.

"ನಾಳೆ ಪರೀಕ್ಷಾ ಆಗತೈತಂತ ಅಕ್ಕಾ! ಸರ್ ಅವರ್ದು ರಿನೀವಲ್ ಆಗೇತಂತ. ಒಂದ ವರ್ಷಕ್ಕ!"

"ಒಂದ ವರ್ಷಕ್ಕ ಯಾಕ ಮೆಹಬೂಬಿ, ಅಂಥಾ ಮನಷ್ಯಾಗ ನೂರ ವರ್ಷಕ್ಕ ಮಾಡಾಕ ಬರೂದಿಲ್ಲೇನ ನನ್ನ ಮೊಮ್ಮಗಳಿಗೆ?"